ಮರಣಶಾಸನ ಮತ್ತು ಕುಟುಂಬದ ಆಸ್ತಿ

ಮರಣಶಾಸನ ಅಥವಾ ಉಯಿಲು ಎಂದರೆ ತನ್ನ ಮರಣಾನಂತರ ತನ್ನ ಆಸ್ತಿಯು ಯಾರಿಗೆ, ಯಾವ ಪ್ರಮಾಣದಲ್ಲಿ ಸೇರಬೇಕೆಂಬುದನ್ನು ವ್ಯಕ್ತಿಯೊಬ್ಬನು ಜೀವಿತಕಾಲದಲ್ಲಿಯೇ ಲಿಖಿತವಾಗಿ ತಿಳಿಸುವ ಪತ್ರ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಮೃತ್ಯುಪತ್ರವೆಂಬ ಹೆಸರು ರೂಢಿಯಲ್ಲಿದೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಉರ್ದುವಿನ ವಸಿಯತ್‌ನಾಮಾ ಎಂಬ ಪದವೂ ಪರಿಚಿತ.

ಉಯಿಲು ಇಲ್ಲದಿದ್ದರೆ

ಯಾದಗಿರಿ ಜಿಲ್ಲೆಯ ಮುದನಾಳದಂತಹ ಹಳ್ಳಿಗಳಲ್ಲಿ ಕುಟುಂಬದ ಮುಖ್ಯ ಆಸ್ತಿಯೆಂದರೆ ಹೊಲ ಮತ್ತು ಮನೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಆಸ್ತಿಯು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮೊದಲ ವರ್ಗದ ವಾರಸುದಾರರಿಗೆ ಸಲ್ಲುತ್ತದೆ. ಗಂಡುಮಕ್ಕಳು, ಹೆಣ್ಣುಮಕ್ಕಳು, ಹೆಂಡತಿ ಮತ್ತು ತಾಯಿ ತಲಾ ಒಂದು ಸಮಪಾಲು ಪಡೆಯುತ್ತಾರೆ. ತಾಯಿಗೆ ಪಾಲಿದೆ, ತಂದೆಗೆ ಈ ವರ್ಗದಲ್ಲಿ ಸ್ಥಾನವಿಲ್ಲ ಎಂಬುದು ಹಲವರಿಗೆ ತಿಳಿಯದು.

ಪಿತ್ರಾರ್ಜಿತ ಆಸ್ತಿಯ ವಿಷಯದಲ್ಲಿ ಕರ್ನಾಟಕವು ಕೇಂದ್ರಕ್ಕಿಂತ ಮುಂಚೆಯೇ ಹೆಜ್ಜೆಯಿಟ್ಟಿತು. 1994ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ನೀಡಿತಾದರೂ ಅದಕ್ಕೂ ಮುನ್ನ ಮದುವೆಯಾದವರನ್ನು ಹೊರಗಿಟ್ಟಿತು. ಈ ಭೇದವನ್ನು ತೆಗೆದದ್ದು 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ. ಆ ದಿನ ತಂದೆ ಬದುಕಿರಬೇಕಾಗಿರಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕ್ರಮಬದ್ಧವಾಗಿ ಮುಗಿದುಹೋದ ವಿಭಜನೆಗಳನ್ನು ಕೆದಕುವಂತಿಲ್ಲ.

ಕಾನೂನು ಹೀಗಿದ್ದರೂ, ವಂಶವೃಕ್ಷ ಬರೆಯಿಸುವಾಗ ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳ ಹೆಸರು ಬಿಡುವ ಚಾಳಿ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಹೆಸರು ಬಿಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಅಕ್ಕತಂಗಿಯರು ತಾವಾಗಿ ಪಾಲು ಬಿಟ್ಟುಕೊಡುವುದಾದರೆ ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಿದೆ. ಉಡಿ ತುಂಬಿ ಕಳಿಸಿದ್ದನ್ನೇ ಪಾಲು ಕೊಟ್ಟಂತೆ ಎಂದು ವಾದಿಸುವುದು ನ್ಯಾಯಾಲಯದಲ್ಲಿ ನಿಲ್ಲದು.

ಫೌತಿ ಖಾತೆ

ಫೌತ್ ಎಂದರೆ ಸಾವು. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದೇ ಫೌತಿ. ಕರ್ನಾಟಕ ಭೂಕಂದಾಯ ಕಾಯಿದೆ, 1964ರ 128ನೇ ಕಲಮಿನಂತೆ ಹಕ್ಕು ಪಡೆದವರು ಮೂರು ತಿಂಗಳೊಳಗೆ ವರದಿ ಮಾಡಬೇಕು. ಮರಣ ಪ್ರಮಾಣಪತ್ರ ಹಾಗೂ ವಂಶವೃಕ್ಷ ಇದಕ್ಕೆ ಬೇಕಾಗುವ ಮುಖ್ಯ ಕಾಗದಗಳು. ಪಹಣಿಯು ಅಜ್ಜನ ಹೆಸರಿನಲ್ಲೇ ಉಳಿದರೆ ಬೆಳೆಸಾಲ, ಭೂಸ್ವಾಧೀನದ ಪರಿಹಾರ ಎಲ್ಲಕ್ಕೂ ತೊಡಕು. ಇನ್ನೊಂದು ಮಾತು: ಪಹಣಿಯಲ್ಲಿ ಹೆಸರು ಬಂದವನೇ ಮಾಲೀಕನೆಂದಲ್ಲ. ಅದು ಕಂದಾಯದ ದಾಖಲೆ. ಮಾಲೀಕತ್ವದ ವಿವಾದವನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ.

ಉಯಿಲಿನ ಬರವಣಿಗೆ

ಸ್ವಸ್ಥಚಿತ್ತನಾದ ಯಾವುದೇ ವಯಸ್ಕನು ಉಯಿಲು ಬರೆಯಬಹುದು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 63ನೇ ಕಲಮು ಬರೆದವರ ಸಹಿ ಅಥವಾ ಹೆಬ್ಬೆಟ್ಟು ಹಾಗೂ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿಯನ್ನು ಕೇಳುತ್ತದೆ. ಸಾಕ್ಷಿಗಳು ಬರೆದವರ ಎದುರಿನಲ್ಲಿಯೇ ಸಹಿ ಹಾಕಬೇಕು. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮೂಲಪತ್ರ ಕಳೆದುಹೋದಾಗ ಅನುಕೂಲ. ಉಯಿಲನ್ನು ಎಷ್ಟು ಸಲವಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನು ಮಾತ್ರ ಬರೆಯಬಹುದೇ ಹೊರತು ಇಡೀ ಹೊಲವನ್ನಲ್ಲ. ಮುಸ್ಲಿಮರಲ್ಲಿ ಸಾಮಾನ್ಯವಾಗಿ, ಅಂತ್ಯಕ್ರಿಯೆಯ ವೆಚ್ಚ ಮತ್ತು ಸಾಲ ಕಳೆದು ಉಳಿದುದರ ಮೂರನೆಯ ಒಂದು ಭಾಗಕ್ಕೆ ಮಿತಿಯಿದೆ.

ಉಯಿಲುಗಳು ಮುರಿದುಬೀಳುವುದು ಹೆಚ್ಚಾಗಿ ಸಂಶಯದಿಂದ. ಮೈಸೂರು ರಾಜ್ಯದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣವು ಇಂದಿಗೂ ದೇಶದಾದ್ಯಂತ ಉದ್ಧರಿಸಲ್ಪಡುತ್ತದೆ. ಉಯಿಲು ಬರೆಸುವುದರಲ್ಲಿ ಮುಂದಾಗಿ ನಿಂತವರಿಗೇ ಅದರಿಂದ ದೊಡ್ಡ ಲಾಭವಾಗುವಂತಿದ್ದರೆ ಅದು ಸಂಶಯಾಸ್ಪದ ಸಂಗತಿ. ಆ ಸಂಶಯವನ್ನು ಉಯಿಲು ಮುಂದಿಟ್ಟವರೇ ನಿವಾರಿಸಬೇಕು ಎಂಬುದು ಅದರ ಸಾರ. ಆದುದರಿಂದ ಪಾಲು ಪಡೆಯುವ ಮಗನೇ ಪತ್ರ ಬರೆಸಿ, ತನ್ನ ಗೆಳೆಯರನ್ನೇ ಸಾಕ್ಷಿ ನಿಲ್ಲಿಸುವುದು ಅವಿವೇಕ. ಒಬ್ಬ ಮಗಳನ್ನು ಬಿಟ್ಟಿದ್ದರೆ ಏಕೆ ಬಿಟ್ಟೆನೆಂದು ಒಂದು ವಾಕ್ಯ ಬರೆದಿಡುವುದು ಮೇಲು. ಬರೆದವರಿಗಿಂತ ಕಿರಿಯರಾದ ಸಾಕ್ಷಿಗಳಿರಲಿ. ಮುಂದೆ ನ್ಯಾಯಾಲಯದಲ್ಲಿ ನುಡಿಯಬೇಕಾದವರು ಅವರು.

ಅಪ್ರಾಪ್ತ ವಾರಸುದಾರರು

ಸುರಪುರದ ದೊರೆ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಸಂಸ್ಥಾನದ ಆಡಳಿತ ಯಾರ ಕೈಯಲ್ಲಿರಬೇಕೆಂದು ರಾಣಿ ಈಶ್ವರಮ್ಮ ಹಾಗೂ ದೊರೆಯ ಸಹೋದರನ ನಡುವೆ ಎದ್ದ ಕಲಹವೇ 1840ರ ದಶಕದಲ್ಲಿ ಮೆಡೋಸ್ ಟೇಲರ್ ಸುರಪುರಕ್ಕೆ ಬರಲು ದಾರಿಯಾಯಿತು. ಈಗ ಹಿಂದೂ ತಂದೆಯು ಉಯಿಲಿನಲ್ಲಿ ಪೋಷಕನನ್ನು ನೇಮಿಸಬಹುದು. ಆದರೆ ತಾಯಿ ಬದುಕಿದ್ದರೆ ಆಕೆಯ ಹಕ್ಕೇ ಮೊದಲು.

ನಾಮನಿರ್ದೇಶನ ಮತ್ತು ದಾನಪತ್ರ

ಬ್ಯಾಂಕಿನಲ್ಲಿ ನಾಮಿನಿ ಎಂದು ಬರೆಸಿದವರು ಹಣವನ್ನು ಪಡೆಯಬಲ್ಲರು, ಆದರೆ ವಾರಸುದಾರರ ಪರವಾಗಿ. ವಿಮೆಯಲ್ಲಿ 2015ರ ತಿದ್ದುಪಡಿಯ ನಂತರ ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ನಿಯಮ ಬೇರೆ.

ದಾನಪತ್ರವು ಉಯಿಲಿನಂತಲ್ಲ, ನೋಂದಣಿಯಾಗಿ ಸ್ವೀಕೃತವಾದೊಡನೆ ಆಸ್ತಿ ಕೈಬಿಡುತ್ತದೆ. ವೃದ್ಧರು ಮಕ್ಕಳ ಒತ್ತಾಯಕ್ಕೆ ಹೊಲ ಬರೆದುಕೊಟ್ಟು ಊಟಕ್ಕೆ ಕೈಚಾಚುವ ಪ್ರಸಂಗಗಳು ಈಗ ಅಪರೂಪವಲ್ಲ. 2007ರ ಹಿರಿಯ ನಾಗರಿಕರ ಪೋಷಣೆ ಕಾಯಿದೆಯ 23ನೇ ಕಲಮಿನಡಿ ಇಂತಹ ದಾನವನ್ನು ರದ್ದುಗೊಳಿಸಲು ನ್ಯಾಯಮಂಡಳಿಗೆ ಅಧಿಕಾರವಿದೆ. ಅದಕ್ಕಾಗಿ, ಕೊಟ್ಟವರನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನ ನಡೆದಿರುವುದು ಅಗತ್ಯ.