ಗ್ಲಾಸ್ ಬಿಚ್ಚಿದರೆ ಗಾಡಿ ಕೆಟ್ಟಿತೇ?

ಹಳೇ ಕಾರು ಇಟ್ಟುಕೊಂಡವರ ನಡುವೆ ಒಂದು ಮಾತು ವೇದವಾಕ್ಯವಾಗಿ ಕೂತುಬಿಟ್ಟಿದೆ: ‘ಏನು ಬೇಕಾದರೂ ಬಿಚ್ಚಿ ಸಾರ್, ಫ್ರಂಟ್ ಗ್ಲಾಸ್ ಮಾತ್ರ ಮುಟ್ಟಬೇಡಿ. ಕಂಪನಿಯವರು ಕೂರಿಸಿದ್ದು ಹಾಗೇ ಇರಲಿ. ಒಂದು ಸಲ ತೆಗೆದರೆ ಆಮೇಲೆ ಸರಿಯಾಗಿ ಕೂರಲ್ಲ, ಮಳೆಗಾಲ ಪೂರ್ತಿ ಸೋರುತ್ತೆ.’ ಎಂಜಿನ್ ಇಳಿಸಲು ಹೆದರದವರು, ಗೇರ್‌ಬಾಕ್ಸ್ ಬಿಚ್ಚಿ ಹಳೇ ಪೇಪರಿನ ಮೇಲೆ ಹರವಿಕೊಂಡು ಕೂರುವವರು ಕೂಡ ಮುಂದಿನ ಗಾಜಿನ ಹತ್ತಿರ ಬಂದ ಕೂಡಲೇ ಕೈಮುಗಿದು ನಿಂತುಬಿಡುತ್ತಾರೆ. ಬಿಸಿಲಿಗೆ ಬಿರಿದ ಡ್ಯಾಶ್‌ಬೋರ್ಡ್ ಬದಲಿಸುವಾಗ ಈ ಭಕ್ತಿಯ ಫಲ ನೋಡಬೇಕು. ಗಾಜು ಇದ್ದಲ್ಲೇ ಇರಬೇಕು, ಡ್ಯಾಶ್ ಮಾತ್ರ ಹೊರಗೆ ಬರಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟುತ್ತಾರೆ, ಬಗ್ಗಿಸುತ್ತಾರೆ, ಅದೂ ಆಗದಿದ್ದರೆ ಹೊಸ ಡ್ಯಾಶಿನ ಅಂಚನ್ನೇ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ‘ಅಡ್ಜಸ್ಟ್’ ಮಾಡುತ್ತಾರೆ. ವರ್ಷಗಟ್ಟಲೆ ಹುಡುಕಿ ತಂದ ಪಾರ್ಟು, ಹಾಕಿದ ದಿನವೇ ಹಾಳು.

ಡ್ಯಾಶಿಗಾಗಿ ಗಾಜು ತೆಗೆಯಬೇಕೋ ಬೇಡವೋ ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಡ್ಯಾಶ್ ಎಂದರೆ ಬಾಡಿಗೇ ಬೆಸೆದ ತಗಡು. ಬಿಚ್ಚುವ ಮಾತೇ ಇಲ್ಲ. ಗಾಳಿಯಿಂದ ತಣಿಯುವ ಎಂಜಿನ್ನಿನ ಹಳೇ ಪೋರ್ಷೆ 911ರಲ್ಲಿ ಮೆತ್ತನೆಯ ಡ್ಯಾಶಿನ ಮುಂದಿನ ಅಂಚು ಗಾಜಿನ ರಬ್ಬರಿನ ಅಡಿಗೆ ಹೋಗಿ ಕೂತಿರುತ್ತದೆ. ಗಾಜು ತೆಗೆಯದೆ ಅದನ್ನು ನೀಟಾಗಿ ಬದಲಿಸುವುದು ಕನಸಿನ ಮಾತು. ಇಂಗ್ಲೆಂಡಿನ ಎಂಜಿಬಿ ರೋಡ್‌ಸ್ಟರ್‌ನಲ್ಲಿ ಎಲ್ಲವೂ ತಿರುವುಮುರುವು. ಅದರ ಗಾಜು ಅಲ್ಯೂಮಿನಿಯಂ ಚೌಕಟ್ಟಿನಲ್ಲಿದೆ, ಆ ಚೌಕಟ್ಟಿನ ಬೋಲ್ಟುಗಳು ಡ್ಯಾಶಿನ ಹಿಂದೆ ಅಡಗಿವೆ. ಅಲ್ಲಿ ಗಾಜು ತೆಗೆಯಲು ಡ್ಯಾಶ್ ಸಡಿಲಿಸಬೇಕು. ಅಂದಮೇಲೆ ‘ಮುಟ್ಟಲೇಬಾರದು’ ಎಂಬ ಒಂದೇ ಕಾಯಿದೆಯನ್ನು ಎಲ್ಲ ಗಾಡಿಗೂ ಹೊರಿಸಿದವರು ಯಾರು?

ಕಾರಣ ಕೇಳಿದರೆ ಬರುವ ಉತ್ತರ ಇನ್ನೂ ಸೊಗಸು. ‘ಗಾಜು ನಿಜವಾಗಿ ದ್ರವ ಅಂತೆ. ವರ್ಷಗಳು ಹೋದ ಹಾಗೆ ನಿಧಾನವಾಗಿ ಕೆಳಗೆ ಹರಿಯುತ್ತಂತೆ. ಐವತ್ತು ವರ್ಷದಲ್ಲಿ ಆಕಾರವೇ ಬದಲಾಗಿರುತ್ತೆ, ಅದಕ್ಕೇ ತೆಗೆದರೆ ಮತ್ತೆ ಕೂರಲ್ಲ.’ ಇದನ್ನು ಹೇಳುವವರಲ್ಲಿ ಎಂಜಿನಿಯರಿಂಗ್ ಓದಿದವರೇ ಹೆಚ್ಚು ಎನ್ನುವುದು ನನ್ನ ತಲೆನೋವಿಗೆ ಮುಖ್ಯ ಕಾರಣ.

ಕಥೆಯ ಮೂಲ ಯುರೋಪಿನ ಹಳೇ ಚರ್ಚುಗಳ ಕಿಟಕಿ. ಅಲ್ಲಿನ ಕೆಲವು ಗಾಜುಗಳು ಕೆಳಗೆ ದಪ್ಪ, ಮೇಲೆ ತೆಳು. ಹರಿದು ಬಂದದ್ದರಿಂದ ಹಾಗಾದದ್ದಲ್ಲ, ಮಾಡಿದಾಗಲೇ ಹಾಗಿತ್ತು. ಆಗ ಕಾದ ಗಾಜನ್ನು ಗಿರಗಿರನೆ ತಿರುಗಿಸಿಯೋ ಕೊಳವೆಯಂತೆ ಊದಿ ಸೀಳಿಯೋ ಹಾಳೆ ಮಾಡುತ್ತಿದ್ದರು, ದಪ್ಪ ಒಂದೇ ಸಮ ಬರುತ್ತಿರಲಿಲ್ಲ. ದಪ್ಪ ಅಂಚು ಮೇಲಕ್ಕಿರುವ ತುಂಡುಗಳೂ ಅದೇ ಕಿಟಕಿಗಳಲ್ಲಿವೆ. ಅವೇನು ಮೇಲಕ್ಕೆ ಹರಿದವೇ? ಬ್ರೆಜಿಲ್‌ನ ವಿಜ್ಞಾನಿ ಎಡ್ಗರ್ ಜಾನೊಟ್ಟೊ 1998ರಲ್ಲಿ ಲೆಕ್ಕ ಹಾಕಿಯೇ ತೋರಿಸಿದರು: ಮಾಮೂಲಿ ಉಷ್ಣಾಂಶದಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ಈವರೆಗಿನ ವಯಸ್ಸೂ ಸಾಲದು. ಲೆಕ್ಕ ಬೇಡವೆನ್ನುವವರು ಕೊಡೈಕನಾಲ್ ವೀಕ್ಷಣಾಲಯವನ್ನು ನೆನೆಯಲಿ. 20ನೇ ಶತಮಾನದ ಆರಂಭದಿಂದ ಅಲ್ಲಿ ಹಳೇ ದೂರದರ್ಶಕದಲ್ಲಿ ಸೂರ್ಯನ ಫೋಟೋ ತೆಗೆಯುತ್ತ ಬಂದಿದ್ದಾರೆ. ಮಸೂರದ ಗಾಜು ಒಂದು ಕೂದಲಿನಷ್ಟು ಜಾರಿದ್ದರೂ ಸೂರ್ಯನ ಕಲೆಗಳು ಕಲಸಿಹೋಗುತ್ತಿದ್ದವು. ದೂರದರ್ಶಕದಲ್ಲಿ ಹರಿಯದ ಗಾಜು ನಿಮ್ಮ ಪದ್ಮಿನಿ ಕಾರಿನಲ್ಲಿ ಮಾತ್ರ ಹರಿಯಿತೇ?

ಹಳೇ ಗಾಜಿನಲ್ಲಿ ರಸ್ತೆ ಅಲೆಅಲೆಯಾಗಿ ಕಾಣುತ್ತದೆ ಎನ್ನುವುದು ನಿಜ. ಅದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮ ಮಾಡುವ ವಿಧಾನವನ್ನು ಪಿಲ್ಕಿಂಗ್ಟನ್ ಕಂಪನಿ ಜಗತ್ತಿಗೆ ಪ್ರಕಟಿಸಿದ್ದೇ 1959ರಲ್ಲಿ. ಅದು ಎಲ್ಲ ಕಡೆ ಹಬ್ಬುವವರೆಗೂ ಎಳೆದು ಮಾಡಿದ ಗಾಜಿನಲ್ಲಿ ಅಲೆ ಇದ್ದೇ ಇರುತ್ತಿತ್ತು. ಅಂಚಿನಲ್ಲಿ ಹಾಲಿನಂತೆ ಬೆಳ್ಳಗಾಗುವುದು ಗಾಜಿನದಲ್ಲ, ಲ್ಯಾಮಿನೇಟೆಡ್ ಗಾಜಿನ ನಡುವಿನ ಪ್ಲಾಸ್ಟಿಕ್ ಹಾಳೆಗೆ ತೇವ ಹೊಕ್ಕಿದ್ದರ ಗುರುತು.

ಹಾಗಾದರೆ ಬಿಚ್ಚಿದ ಮೇಲೆ ಸೋರುವುದು ಸುಳ್ಳೇ? ಅಲ್ಲ, ಸೋರುತ್ತದೆ. ಆದರೆ ಗಾಜು ನಿರಪರಾಧಿ. ತಪ್ಪು ಸುತ್ತಲಿನ ರಬ್ಬರ್ ಬೀಡಿಂಗಿನದು, ಅದರಡಿಯ ತಗಡಿನದು. ಹಳೇ ರಬ್ಬರನ್ನು ‘ಒರಿಜಿನಲ್’ ಎಂದು ಉಳಿಸಿ ಮತ್ತೆ ಅದನ್ನೇ ಹಾಕುತ್ತಾರೆ. ಬಿಸಿಲು ತಿಂದು ಕಲ್ಲಾದ ರಬ್ಬರ್ ತಗಡನ್ನು ಹಿಡಿಯುವುದೆಂತು? ಇನ್ನು ಆ ತಗಡು. ಗಾಜಿನ ಕೆಳಗಿನ ಎರಡು ಮೂಲೆಗಳಲ್ಲಿ ನೀರು ನಿಂತು ಒಳಗೊಳಗೇ ತುಕ್ಕು ತಿನ್ನುತ್ತಿರುತ್ತದೆ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಹೆಚ್ಚು ಬೇಕು. ಅದು ಉಬ್ಬಿ ಗಾಜಿನ ಅಂಚನ್ನು ಒತ್ತಿ, ಒಂದು ದಿನ ಯಾವ ಕಲ್ಲೂ ಬಡಿಯದೆ ಮೂಲೆಯಿಂದ ಬಿರುಕು ಹೊರಡುತ್ತದೆ. ಅಂದರೆ ‘ಮುಟ್ಟದೆ ಕಾಪಾಡಿದ’ ಗಾಜಿಗೇ ಅಪಾಯ ಜಾಸ್ತಿ. ಸೋರಿಕೆ ಕಂಡಾಗ ಸಿಲಿಕೋನ್ ಟ್ಯೂಬ್ ಹಿಡಿದು ಸುತ್ತ ಬಳಿಯುವವರಂತೂ ತುಕ್ಕಿಗೆ ಊಟ ಬಡಿಸುತ್ತಾರೆ. ಅಂಗಡಿಯ ಅಗ್ಗದ ಸಿಲಿಕೋನಿನಲ್ಲಿ ವಿನೆಗರ್ ವಾಸನೆ ಬರುವುದು ಒಣಗುವಾಗ ಅದು ಅಸಿಟಿಕ್ ಆಮ್ಲ ಬಿಡುವುದರಿಂದ. ತುಕ್ಕು ಹಿಡಿದ ತಗಡಿಗೆ ಆಮ್ಲದ ಲೇಪ! ಮುಂದೆ ಪೇಂಟ್ ಮಾಡಿಸಲು ಹೋದರೆ ಸಿಲಿಕೋನ್ ಮೆತ್ತಿದ ಜಾಗದಲ್ಲಿ ಬಣ್ಣವೂ ಹಿಡಿಯುವುದಿಲ್ಲ.

ಬಿಚ್ಚುವ ಕೆಲಸದಲ್ಲಿ ಮಂತ್ರವೇನೂ ಇಲ್ಲ. ಬೀಡಿಂಗಿನ ಹೊರತುಟಿಯನ್ನು ಹರಿತವಾದ ಬ್ಲೇಡಿನಲ್ಲಿ ಕೊಯ್ದು ಎಸೆಯಿರಿ. ಗಾಜು ಎರಡು ಜೊತೆ ಕೈಗೆ ಸುಮ್ಮನೆ ಬರುತ್ತದೆ. ತುಕ್ಕು ಕೆರೆದು, ತೂತಿದ್ದರೆ ಟಿಂಕರಿಂಗ್ ಮಾಡಿಸಿ, ಪ್ರೈಮರ್, ಬಣ್ಣ ಹೊಡೆಸಿ ಪೂರ್ತಿ ಒಣಗಲು ಬಿಡಿ. ಡ್ಯಾಶ್ ಹಾಕಲು ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಬೇಕೆ? ಮೇಲಿಂದ ಬೆಳಕು, ಕೈಯಾಡಿಸಲು ಜಾಗ, ವೈರಿಂಗ್ ಎಲ್ಲ ಕಣ್ಣೆದುರಿಗೆ. ಆಮೇಲೆ ಹೊಸ ರಬ್ಬರನ್ನು ಮೊದಲು ಗಾಜಿಗೆ ತೊಡಿಸಿ, ತಗಡು ಹಿಡಿಯುವ ಸಂದಿನಲ್ಲಿ ಸುತ್ತಲೂ ನೈಲಾನ್ ಹಗ್ಗ ಸೇರಿಸಿ, ಎರಡೂ ತುದಿ ಕೆಳಗೆ ನಡುವೆ ಒಳಬದಿಗೆ ಬರುವಂತೆ ಬಿಡಬೇಕು. ಸೋಪಿನ ನೀರು ಸವರಬೇಕು. ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಊದಿಕೊಂಡು ಕೆಡುತ್ತದೆ. ಒಬ್ಬರು ಹೊರಗಿನಿಂದ ಅಂಗೈಯಲ್ಲಿ ಒತ್ತಬೇಕು, ಇನ್ನೊಬ್ಬರು ಒಳಗೆ ಕೂತು ಚಡ್ಡಿಯ ಲಾಡಿ ಎಳೆದಂತೆ ಹಗ್ಗ ಎಳೆಯುತ್ತ ಹೋಗಬೇಕು. ಹಗ್ಗ ಬಂದಲ್ಲೆಲ್ಲ ರಬ್ಬರಿನ ಒಳತುಟಿ ಪಟಪಟನೆ ತಗಡಿನ ಮೇಲೆ ಹತ್ತಿಕೊಳ್ಳುತ್ತದೆ. ಸುತ್ತಿಗೆಗೆ ಇಲ್ಲಿ ಕೆಲಸವೇ ಇಲ್ಲ. ಗಾಜು ಒಡೆಯುವುದಿದ್ದರೆ ಅಂಚಿಗೆ ಪೆಟ್ಟು ಬಿದ್ದಾಗ, ಇಲ್ಲವೇ ಒಂದು ಮೂಲೆಯನ್ನು ಮಾತ್ರ ಹಿಡಿದು ತಿರುಚಿದಾಗ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡಲಾರೆ. ಟಫನ್ಡ್ ಗಾಜೇ ಗಟ್ಟಿ, ಮುಂದಕ್ಕೂ ಅದನ್ನೇ ಹಾಕಿಸಿ ಎನ್ನುವವರಿಗೆ: ಅದು ಒಡೆದರೆ ಇಡೀ ಗಾಜು ಕ್ಷಣದಲ್ಲಿ ಕಲ್ಲುಸಕ್ಕರೆ, ರಸ್ತೆ ಕಾಣುವುದಿಲ್ಲ, ನಮ್ಮ ಮೋಟಾರು ವಾಹನ ನಿಯಮಗಳು ಮುಂದಿನ ಗಾಜಿಗೆ ಲ್ಯಾಮಿನೇಟೆಡ್ ಕಡ್ಡಾಯ ಮಾಡಿದ್ದು ಅದಕ್ಕೇ. ಗಾಜು ತೆಗೆದರೆ ಬಾಡಿ ಬಲ ಹೋಗುತ್ತದೆ ಎನ್ನುವುದು ಗಾಜನ್ನು ಅಂಟಿನಿಂದ ಕೂರಿಸುವ ಇಂದಿನ ಕಾರುಗಳ ಮಾತು. ರಬ್ಬರಿನಲ್ಲಿ ಕೂತ ಗಾಜು ಬಾಡಿಗೆ ಕೊಡುವ ಬಲ ಲೆಕ್ಕಕ್ಕಿಲ್ಲದಷ್ಟು. ಹಳೇ ಡ್ಯಾಶಿನ ಮೀಟರ್ ನೋಡಿ ‘ಗಾಡಿ ಬರೀ ನಲವತ್ತು ಸಾವಿರ ಓಡಿದೆ’ ಎಂದು ಬೀಗುವವರು, ಐದಂಕಿಯ ಮೀಟರ್ 99,999 ದಾಟಿದರೆ ಮತ್ತೆ ಸೊನ್ನೆಗೆ ಬರುತ್ತದೆ ಎಂಬುದನ್ನು ಮರೆತಿರುತ್ತಾರೆ.

ಇಂಥ ನಂಬಿಕೆ ಸಾಯದಿರುವುದಕ್ಕೆ ಕಾರಣ ಅಜ್ಞಾನ ಒಂದೇ ಎಂದು ನನಗನ್ನಿಸುವುದಿಲ್ಲ. ಅದು ಇಬ್ಬರಿಗೂ ಅನುಕೂಲ. ಗ್ಯಾರೇಜಿನವರಿಗೆ ಅರ್ಧ ದಿನದ ಗೋಜು ತಪ್ಪಿತು, ಯಜಮಾನರಿಗೆ ಬೀಡಿಂಗ್, ಟಿಂಕರಿಂಗ್ ಖರ್ಚು ಉಳಿಯಿತು, ಮೇಲೆ ‘ಫ್ಯಾಕ್ಟರಿ ಗ್ಲಾಸ್ ಇನ್ನೂ ಮುಟ್ಟಿಲ್ಲ’ ಎಂದು ಹೇಳಿಕೊಳ್ಳುವ ಜಂಬ ಬೇರೆ. ಅದಕ್ಕೆ ವಿಜ್ಞಾನದ ಒಗ್ಗರಣೆ ಕೊಟ್ಟು ಅರ್ಧ ನಿಮಿಷದ ವಿಡಿಯೊ ಮಾಡಿಬಿಟ್ಟರೆ ಮುಗಿಯಿತು, ಪ್ರಶ್ನಿಸಿದವನೇ ದಡ್ಡ. ರಬ್ಬರಿನ ಒಂದು ಮೂಲೆ ಎತ್ತಿ ಅಡಿಯಲ್ಲಿ ತುಕ್ಕಿದೆಯೇ ಎಂದು ನೋಡಲು ಬೇಕಾದದ್ದು ಒಂದು ಪ್ಲಾಸ್ಟಿಕ್ ಪಟ್ಟಿ. ಅಷ್ಟು ಮಾಡುವವರನ್ನು ಕಾಣುವುದು ಅಪರೂಪ.

ಅಂದಹಾಗೆ, ತಗಡಿನ ಬದಲು ಮರದ ಡ್ಯಾಶ್ ಹಾಕಿಸಿಕೊಂಡವರಿಗೆ ಒಂದು ಮಾತು. ಹಳೇ ಬ್ರಿಟಿಷ್ ಗಾಡಿಗಳ ಸ್ಮಿತ್ಸ್ ಮೀಟರುಗಳಿಗೆ ಸುಮಾರು 10 ವೋಲ್ಟಿಗೆ ಇಳಿಸಿ ಕರೆಂಟ್ ಕೊಡುವ ಪುಟ್ಟ ಸ್ಟೆಬಿಲೈಸರ್ ಇರುತ್ತದೆ, ಅದಕ್ಕೆ ತಗಡಿನ ಮೂಲಕವೇ ಅರ್ಥಿಂಗ್. ಮರಕ್ಕೆ ಕೂರಿಸಿದರೆ ಅರ್ಥಿಂಗ್ ತಪ್ಪಿ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರಿಗೆ ಹೋಗುತ್ತದೆ, ಮುಳ್ಳು ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತದೆ. ‘ಹೊಸ ಡ್ಯಾಶ್ ಹಾಕಿಸಿದ ಮೇಲೆ ಮೈಲೇಜ್ ಜಾಸ್ತಿಯಾಗಿದೆ’ ಎನ್ನುವವರು ಪೆಟ್ರೋಲ್ ಮುಗಿದು ನೈಸ್ ರೋಡಿನಲ್ಲಿ ನಿಲ್ಲುವ ಮೊದಲು ಸ್ಟೆಬಿಲೈಸರಿನಿಂದ ಬಾಡಿಗೆ ಒಂದು ವೈರ್ ಎಳೆಸಿಕೊಳ್ಳುವುದು ಒಳ್ಳೆಯದು.