ಬಣ್ಣದ ವೇಷವೂ ಕಾಯ್ದಿರಿಸಿದ ಬಣ್ಣವೂ

ಪಾರ್ತಿಸುಬ್ಬನ ಕುಂಬಳೆಗೆ ನೆರೆಯಾದ ಶಿರಿಯದಂತಹ ಊರಿನಲ್ಲಿ ಬಯಲಾಟವನ್ನು ಎರಡು ಕ್ಯಾಮೆರಾಗಳಿಂದ ಚಿತ್ರೀಕರಿಸಿದರೆ, ಒಂದೇ ಮುಖ ಒಂದರಲ್ಲಿ ಕೆಂಪೇರಿಯೂ ಇನ್ನೊಂದರಲ್ಲಿ ಹಳದಿಗೂಡಿಯೂ ತೋರಬಹುದು. ಇವನ್ನು ಹೊಂದಿಸುವ ವರ್ಣಸಂಸ್ಕಾರವೇ ಕಲರ್ ಗ್ರೇಡಿಂಗ್. ಹೊಂದಿಸಿದ ಅಳತೆಗಳನ್ನು ಹೆಸರಿಟ್ಟು ಕಾಯ್ದಿರಿಸಿದರೆ ಅದು ಪ್ರಿಸೆಟ್.

ಡಾವಿಂಚಿ ರಿಸಾಲ್ವ್ ತಂತ್ರಾಂಶದಲ್ಲಿ ಗ್ಯಾಲರಿಯ ಸಾಮಾನ್ಯ ಸ್ಟಿಲ್ ಆ ಒಂದು ಪ್ರಾಜೆಕ್ಟಿಗೆ ಸೇರಿದುದು. ಪವರ್‌ಗ್ರೇಡ್ ಆಲ್ಬಮ್ಮಿನಲ್ಲಿ ಇರಿಸಿದುದು ಇತರ ಪ್ರಾಜೆಕ್ಟುಗಳಿಗೂ ಒದಗುತ್ತದೆ. ಬೇರೆ ತಂತ್ರಾಂಶಕ್ಕೆ ಒಯ್ಯಲು ‘ಕ್ಯೂಬ್’ ಕಡತವಾದ ಲಟ್ ಬೇಕು. ಅದು ಯಾವ ಬಣ್ಣಕ್ಕೆ ಯಾವ ಬಣ್ಣ ಎಂದು ತಿಳಿಸುವ ಕೋಷ್ಟಕ. 33 ಬಿಂದುಗಳದಾದರೆ 35,937 ನಮೂದುಗಳು. ಚೌಕಟ್ಟಿನ ಸ್ಥಾನವನ್ನು ಅದು ಅರಿಯದು. ಮುಖದ ಭಾಗಕ್ಕಷ್ಟೇ ಮಾಡಿದ ತಿದ್ದುಪಡಿ ಅದರಲ್ಲಿ ಉಳಿಯದು.

ಪ್ರಿಸೆಟ್ಟಿಗೆ ಬೆಳಕಿನ ಅರಿವೂ ಇಲ್ಲ. ನಡುರಾತ್ರಿಯ ದೀಪಕ್ಕೆ ರೂಪಿಸಿದುದನ್ನು ಬೆಳಗಿನ ಜಾವದ ದೃಶ್ಯಕ್ಕೆ ಹಾಗೆಯೇ ಹೊದಿಸಿದರೆ ತೆಂಕುತಿಟ್ಟಿನ ಬಣ್ಣದ ವೇಷ ತನ್ನ ಬಣ್ಣವನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಪ್ರತಿ ತುಣುಕಿನಲ್ಲಿ ಮೊದಲು ಅಕ್ಕಿಹಿಟ್ಟು, ಸುಣ್ಣಗಳ ಚಿಟ್ಟಿ ಬೆಳ್ಳಗೆ ಕಾಣುವಂತೆ ಸಮತೋಲಗೊಳಿಸಿ, ಬಳಿಕ ಪ್ರಿಸೆಟ್ ಬಳಸುವುದು ಕ್ರಮ. ಅದರ ಹೆಸರಿನಲ್ಲಿಯೇ ಕ್ಯಾಮೆರಾ, ಬೆಳಕು ಎರಡನ್ನೂ ನಮೂದಿಸಬೇಕು.

ಗ್ರಂಥಸಂಪಾದಕನು ಪಾಠವನ್ನು ಪರಿಷ್ಕರಿಸಿದರೂ ಓಲೆಪ್ರತಿಯನ್ನು ಕಾಪಾಡುತ್ತಾನೆ. ಅಂತೆಯೇ ಮೂಲ ಚಿತ್ರಿಕೆಯನ್ನು ಅಳಿಸದೆ ಉಳಿಸಬೇಕು; ವೇಷದ ನಿಜವರ್ಣಕ್ಕೆ ನಾಳಿನವರಿಗೆ ಅದೇ ಆಧಾರ.