ಮಾತು ಹೊರಡದ ಮಕ್ಕಳು, ಮುನಿದ ಬ್ಲಿಸ್

1971ರ ಟೊರಾಂಟೊ. ಒಂಟಾರಿಯೊ ಅಂಗವಿಕಲ ಮಕ್ಕಳ ಕೇಂದ್ರದ ಶಿಕ್ಷಕಿ ಶರ್ಲಿ ಮೆಕ್‌ನಾಟನ್‌ಗೆ ಒಂದೇ ಚಿಂತೆ. ಸೆರೆಬ್ರಲ್ ಪಾಲ್ಸಿ ಇದ್ದ ಮಕ್ಕಳು ಹೇಳಿದ್ದನ್ನು ಗ್ರಹಿಸುತ್ತಿದ್ದರು, ನಾಲಿಗೆ ಮಾತ್ರ ಹೊರಳುತ್ತಿರಲಿಲ್ಲ. ಚಿತ್ರ ತೋರಿಸಿ ನೀರು ಕೇಳಬಹುದು. ‘ನನಗೆ ಬೇಜಾರು’ ಎನ್ನಲು ಯಾವ ಚಿತ್ರ? ಓದು ಇನ್ನೂ ಬಂದಿಲ್ಲ. ಹುಡುಕಾಟದಲ್ಲಿ ಸಿಕ್ಕಿದ್ದು ಯಾರೂ ಮೂಸಿ ನೋಡದ ‘ಸೆಮಾಂಟೋಗ್ರಫಿ’ ಎಂಬ ಪುಸ್ತಕ.

ಬರೆದಾತ ಚಾರ್ಲ್ಸ್ ಬ್ಲಿಸ್, ಯಹೂದಿ ಎಂಜಿನಿಯರ್. ಬುಖೆನ್‌ವಾಲ್ಡ್ ಯಾತನಾ ಶಿಬಿರದಿಂದ ಪಾರಾಗಿ ಶಾಂಘೈ ಸೇರಿದ್ದ. ಚೀನೀ ಅಕ್ಷರಗಳನ್ನು ನೋಡುತ್ತ, ಯಾವ ಭಾಷೆಯವರೂ ಓದಬಹುದಾದ ಲಿಪಿಯ ಕನಸು ಕಂಡ. ಜನರನ್ನು ಯುದ್ಧಕ್ಕೆ ಹುರಿದುಂಬಿಸುವುದೇ ಮಾತು ಎಂಬುದು ಅವನ ಗಟ್ಟಿ ನಂಬಿಕೆ. 1949ರಲ್ಲಿ ಸಿಡ್ನಿಯಲ್ಲಿ ಪುಸ್ತಕ ಹೊರಬಂತು. ಹೆಂಡತಿ ಕ್ಲೇರ್ ವಿಶ್ವವಿದ್ಯಾಲಯಗಳಿಗೆ ಸಾವಿರಾರು ಪತ್ರ ಬರೆದಳು. ಯಾರೂ ಕ್ಯಾರೇ ಅನ್ನಲಿಲ್ಲ. 1961ರಲ್ಲಿ ಆಕೆಯೂ ತೀರಿಕೊಂಡಳು.

ಟೊರಾಂಟೊದ ಮಕ್ಕಳ ಮುಂದೆ ಆ ಪುಸ್ತಕದ ಸಂಕೇತಗಳ ಹಲಗೆ ಬಂತು. ಹೃದಯ, ಪಕ್ಕದಲ್ಲಿ ಮೇಲ್ಮುಖ ಬಾಣ: ಸಂತೋಷ. ಬಾಣ ಕೆಳಗಿಳಿದರೆ ದುಃಖ. ಬೆರಳು ಆಡದ ಮಗು ಕಣ್ಣಿನಲ್ಲೇ ತೋರಿಸುತ್ತಿತ್ತು. ಎದುರಿಗಿದ್ದವರಿಗೆ ತಿಳಿಯಲೆಂದು ಸಂಕೇತದ ಜೊತೆಗೇ ಪದ ಬರೆದಿರುತ್ತಿತ್ತು.

1972ರಲ್ಲಿ ಬ್ಲಿಸ್ ಬಂದು, ಕಣ್ಣಾರೆ ಕಂಡು ಹಿಗ್ಗಿಹೋದ. ಆಮೇಲೆ ಶುರುವಾಯಿತು ನೋಡಿ. ಶಿಕ್ಷಕಿಯರಿಗೆ ಬೇಕಾಗಿದ್ದು ಈ ಸಂಕೇತಗಳಿಂದ ಮಕ್ಕಳು ಇಂಗ್ಲಿಷ್ ಓದಿಗೆ ದಾಟುವುದು; ಅದಕ್ಕಾಗಿ ಅಲ್ಲಲ್ಲಿ ತಿದ್ದಿದರು, ಸೇರಿಸಿದರು. ಬ್ಲಿಸ್ ಕೆರಳಿದ. ಪದಗಳಿಂದ ಲೋಕವನ್ನು ಬಿಡಿಸಲು ಕಟ್ಟಿದ ಲಿಪಿಯನ್ನೇ ಪದಗಳ ಚಾಕರಿಗೆ ಇಡುವುದೆಂದರೆ! ದೂರಿನ ಪತ್ರಗಳು ಹಾರಾಡಿದವು, ವಕೀಲರು ಬಂದರು. 1982ರ ರಾಜಿಯಲ್ಲಿ ಅವನಿಗೆ 1,60,000 ಡಾಲರ್ ಸಿಕ್ಕಿತು, ಶಿಕ್ಷಕಿಯರ ಕಡೆಯವರಿಗೆ ಸಂಕೇತಗಳನ್ನು ಬಳಸುವ ಶಾಶ್ವತ ಪರವಾನಗಿ. ದುಡ್ಡನ್ನೇನು ಮಾಡಿದ? ತನ್ನದೇ ಸಂಕೇತಗಳ ಪುಸ್ತಕ ಅಚ್ಚು ಹಾಕಿಸಿದ. ಮೂರು ವರ್ಷಕ್ಕೆ ತೀರಿಕೊಂಡ.

ಈ ಜಗಳದಲ್ಲಿ ನನ್ನ ಓಟು ಶಿಕ್ಷಕಿಯರಿಗೇ. ಮಗುವಿನ ಸುತ್ತ ಇರುವವರು ಆಡುವುದು ಇಂಗ್ಲಿಷ್ ತಾನೆ? ಆದರೂ ಇಂದಿನ ಟ್ಯಾಬ್ಲೆಟ್‌ನ ಬಣ್ಣದ ಚಿತ್ರಪಟ್ಟಿಗಳನ್ನು ಕಂಡಾಗ ಮುದುಕನ ಹಠದ ಮೇಲೆ ಅಕ್ಕರೆ ಹುಟ್ಟುತ್ತದೆ. ಒತ್ತಿದರೆ ಧ್ವನಿ ಬರುತ್ತದೆ, ಒಪ್ಪಿದೆ. ಆದರೆ ಪಟ್ಟಿಯಲ್ಲಿ ಇಲ್ಲದ್ದನ್ನು ಅಕ್ಷರ ಬಾರದ ಮಗು ಹೇಗೆ ಹೇಳಬೇಕು? ಬ್ಲಿಸ್ ಹಲಗೆಯಲ್ಲಿ ಅದಕ್ಕೆಂದೇ ‘ಕೂಡಿಸು’ ಎಂಬ ಗುರುತಿತ್ತು. ಅದನ್ನು ಮುಟ್ಟಿ, ಬೇಕಾದ ಸಂಕೇತಗಳನ್ನು ಒಂದೊಂದಾಗಿ ತೋರಿಸಿ, ಮತ್ತೆ ಅದನ್ನೇ ಮುಟ್ಟಿದರೆ ಆಯಿತು. ಟೀಚರೂ ಕಲಿಸದ ಒಂದು ಮಾತನ್ನು ಮಗು ತಾನೇ ಕಟ್ಟಿದಂತೆ.